ಡೀಫಾಲ್ಟ್ ಅಂದ್ರೆ ಸೊನ್ನೆ!

ಆಫೀಸಿನ ಪುರಾಣ ಇಲ್ಲಿ ಬರೆಯೋದು ಬೇಡ ಅಂತ ಯಾವಾಗಲೂ ಅಂದ್ಕೊಳ್ತೀನಿ. ಆದ್ರೆ ಇದನ್ನು ಹೊಟ್ಟೆಯಲ್ಲೇ ಇಟ್ಕೊಂಡ್ರೆ ನಿದ್ದೆ ಬರಲ್ಲ.

ಹೋದ ಶುಕ್ರವಾರ ಸಂಜೆ. ಕೈಯಲ್ಲಿ ಹೆಚ್ಚು ಕೆಲಸ ಇರಲಿಲ್ಲ. ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರಿನ ಕಾನ್ಫಿಗರೇಶನ್ ಫೈಲ್ ತೆಗೆದು ಕೂತೆ. ಐದಾರು ಜನ ಕೈಯಾಡಿಸಿದ ಫೈಲ್ ಅದು. ಅಜ್ಜಿಯ ಟ್ರಂಕಿನ ಹಾಗೆ, ಯಾವುದು ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ. ಅದರಲ್ಲೊಂದು ಸಾಲು: ಸ್ಟೇಟ್‌ಮೆಂಟ್ ಟೈಮ್‌ಔಟ್, 30 ಸೆಕೆಂಡ್. ಯಾವ ಕ್ವೆರಿಯಾದರೂ ಅದಕ್ಕಿಂತ ಹೆಚ್ಚು ಹೊತ್ತು ಓಡಿದರೆ ಸರ್ವರ್ ಅದನ್ನು ನಿಲ್ಲಿಸಿಬಿಡುತ್ತೆ. ಯಾರು ಹಾಕಿದ್ದೋ ಏನೋ, ‘ಡೀಫಾಲ್ಟೇ ಸಾಕು’ ಅಂತ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿ ರೀಲೋಡ್ ಮಾಡಿದೆ.

ರೀಲೋಡ್ ಅಂದ್ರೆ ಸರ್ವರನ್ನು ನಿಲ್ಲಿಸದೆ “ಆ ಫೈಲ್ ಇನ್ನೊಮ್ಮೆ ಓದಪ್ಪಾ” ಅಂತ ಹೇಳೋದು. ಯುನಿಕ್ಸಿನಲ್ಲಿ ಇದಕ್ಕೆ ಸಿಗ್‌ಹಪ್ ಅನ್ನೋ ಸಿಗ್ನಲ್ ಕಳಿಸ್ತಾರೆ. ಮೂಲದಲ್ಲಿ ಅದು ಟರ್ಮಿನಲ್ಲಿನ ಲೈನ್ ಕಟ್ ಆಯ್ತು ಅಂತ ತಿಳಿಸೋಕೆ ಇದ್ದದ್ದು. ಹಿಂದೆ ಕೂತು ಓಡೋ ಸರ್ವರಿಗೆ ಟರ್ಮಿನಲ್ಲೇ ಇರಲ್ಲವಲ್ಲ, ಹಾಗಾಗಿ ಈ ಕೆಲಸಕ್ಕೆ ಬಳಸಿಕೊಂಡ್ರು. ಎಲ್ಲ ಸೆಟ್ಟಿಂಗೂ ರೀಲೋಡಿಗೆ ಬಗ್ಗಲ್ಲ. ಮ್ಯಾಕ್ಸ್ ಕನೆಕ್ಷನ್ಸ್, ಶೇರ್ಡ್ ಬಫರ್ಸ್ ಥರದವಕ್ಕೆ ರೀಸ್ಟಾರ್ಟೇ ಬೇಕು. ಟೈಮ್‌ಔಟ್ ಹಾಗಲ್ಲ, ರೀಲೋಡ್ ಮಾಡಿದ್ರೆ ಸಾಕು. 2008ರಲ್ಲಿ ಬಂದ 8.3 ಆವೃತ್ತಿಗಿಂತ ಮುಂಚೆ, ಹ್ಯಾಶ್ ಹಾಕಿದ್ರೂ ರೀಸ್ಟಾರ್ಟ್ ಮಾಡೋವರೆಗೆ ಹಳೆಯ ಸೆಟ್ಟಿಂಗೇ ಉಳೀತಿತ್ತಂತೆ. ಈಗ ರೀಲೋಡ್ ಮಾಡಿದ ಕೂಡಲೇ ಡೀಫಾಲ್ಟಿಗೆ ಹೋಗುತ್ತೆ.

ಆ ಡೀಫಾಲ್ಟ್ ಎಷ್ಟು? ಸೊನ್ನೆ. ಸೊನ್ನೆ ಅಂದ್ರೆ ಮಿತಿಯೇ ಇಲ್ಲ!

ಯಾವ ಎರರೂ ಬರಲಿಲ್ಲ. ಬೈಕ್ ಹತ್ತಿ ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಒಂದು ರಿಪೋರ್ಟಿನ ಕ್ವೆರಿ ತಿಣುಕಾಡೋಕೆ ಶುರುವಾಯ್ತು. ಮೊದಲಾಗಿದ್ರೆ ಸರ್ವರ್ 30 ಸೆಕೆಂಡಿಗೆ ಕತ್ತರಿಸಿ ಬಿಸಾಕ್ತಿತ್ತು. ಈಗ ಓಡ್ತಾನೇ ಇತ್ತು. ರಿಪೋರ್ಟ್ ಬರಲಿಲ್ಲ ಅಂತ ಜನ ಮತ್ತೆ ಮತ್ತೆ ಒತ್ತಿದ್ರು. 100 ಕನೆಕ್ಷನ್ನೂ ತುಂಬಿ ಸರ್ವರ್ ಬಾಗಿಲು ಹಾಕ್ಕೊಂಡ್ತು.

ಮೀಟಿಂಗಿನಲ್ಲಿ ಆ ಕ್ವೆರಿ ಬರೆದ ಹುಡುಗಿಗೆ ಮಂಗಳಾರತಿ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದೆ ಅಷ್ಟೇ. ತಲೆ ತಗ್ಗಿಸಿ ‘ಸಾರಿ ಸರ್’ ಅಂತಿದ್ಲು. ನನಗೆ ಆಗಲೇ ಶುಕ್ರವಾರದ ಹ್ಯಾಶ್ ನೆನಪಾಗಿತ್ತು. ಆದ್ರೂ ಕಾಫಿ ಕಪ್ ನೋಡ್ತಾ ಸುಮ್ಮನೆ ಕೂತಿದ್ದೆ...

ಸೀಟಿಗೆ ಬಂದು ಲಾಗ್ ತೆಗೆದೆ. ಈ ಸೆಟ್ಟಿಂಗ್ ಫೈಲಿನಿಂದ ತೆಗೆಯಲಾಗಿದೆ, ಡೀಫಾಲ್ಟಿಗೆ ಮರಳಿಸಲಾಗಿದೆ ಅಂತ ಶುಕ್ರವಾರ ಸಂಜೆಯೇ ಸರ್ವರ್ ಬರೆದಿಟ್ಟಿತ್ತು, ಪಾಪ. ನಾನು ಓದಿರಲಿಲ್ಲ.

ಊಟದ ಹೊತ್ತಿಗೆ ಮ್ಯಾನೇಜರ್ ಹತ್ರ ಹೋಗಿ ಹೇಳಿದೆ. ಬೈದ್ರು. ಅವಳಿಗೂ ಹೇಳಿದೆ. “ಪರ್ವಾಗಿಲ್ಲ ಬಿಡಿ” ಅಂದ್ಲು, ನನ್ನ ಮುಖ ನೋಡದೆ. ಬೈಗುಳಕ್ಕಿಂತ ಅದೇ ಇನ್ನೂ ಚುಚ್ಚುತ್ತಿದೆ.

ಆ ಸಾಲನ್ನು ವಾಪಸ್ ಹಾಕಿದೀನಿ, ಅದು ಯಾಕಿದೆ ಅನ್ನೋ ಟಿಪ್ಪಣಿ ಸಮೇತ. ನೀವೂ ಅಷ್ಟೇ, ಯಾವುದಾದರೂ ಸಾಲಿಗೆ ಹ್ಯಾಶ್ ಹಾಕೋ ಮುಂಚೆ ಅದರ ಡೀಫಾಲ್ಟ್ ಎಷ್ಟು ಅಂತ ಒಮ್ಮೆ ನೋಡ್ಕೊಳ್ಳಿ ಮಾರಾಯ್ರೇ.