ಕುದುರೆಗೆ ನೀರು ಎಲ್ಲಿಂದ?

ರಾಜ್ಯೋತ್ಸವದ ದಿನ ಹದಿನೈದು ನಿಮಿಷ ಮಾತಾಡ್ತೀವಿ ಅಂತ ನಮ್ಮ ರೂಮಿನ ನಾಲ್ಕೂ ಜನ ಕನ್ನಡ ಸಂಘಕ್ಕೆ ಹೆಸರು ಕೊಟ್ಟಿದ್ವಿ. ವಿಷಯ ‘ಮೊದಲ ಮಹಾಯುದ್ಧದ ತಿರುವುಗಳು’. ಇಷ್ಟು ಧೈರ್ಯ ಎಲ್ಲಿಂದ ಬಂತು ಅಂದ್ರೆ, ಎಂಟನೇ ಕ್ಲಾಸಿನಿಂದ ವಾರ್ ಗೇಮ್ ಆಡಿದವರು ನಾವು. ಯಾವ ವರ್ಷ ಯಾವ ಬಂದೂಕು ಬಂತು ಅನ್ನೋದು ಬಾಯಿಪಾಠ. ಕಷ್ಟ ಆಗಿದ್ದು ಕನ್ನಡ ಮಾತ್ರ. ಟ್ರೆಂಚ್ ಅನ್ನೋದಕ್ಕೆ ‘ಕಂದಕ’ ಅನ್ನೋ ಪದ ನೆನಪಾಗೋಕೆ ಅರ್ಧ ಗಂಟೆ ಹಿಡೀತು.

ಪಿಪಿಟಿ ಜೋರಾಗೇ ಆಗಿತ್ತು. ಮೊದಲ ಸ್ಲೈಡ್ ಮಾರ್ನ್: 1914ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಹತ್ತಿರ ಜರ್ಮನ್ ಸೈನ್ಯದ ಓಟ ನಿಂತಿದ್ದು. ಆಮೇಲೆ ವರ್ಡನ್, 1916ರಲ್ಲಿ ಹತ್ತು ತಿಂಗಳು ನಡೆದ ಕಾಳಗ. ಆಮೇಲೆ ಸೊಮ್. ಅಲ್ಲಿ 1916ರ ಜುಲೈ 1ರಂದು, ಒಂದೇ ದಿನದಲ್ಲಿ, ಬ್ರಿಟಿಷ್ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು ಸೇರಿ 57,000ಕ್ಕೂ ಹೆಚ್ಚು ಜನ. ಕೊನೆಗೆ ನಮ್ಮ ಕ್ಲೈಮ್ಯಾಕ್ಸ್: ಹೈಫಾ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ, ಈಟಿ ಹಿಡಿದು, ಮೆಷಿನ್ ಗನ್ ಎದುರು ನುಗ್ಗಿದ ಊರು. ಸ್ಲೈಡಿನ ಮೇಲೆ ಕೆಂಪಕ್ಷರದಲ್ಲಿ ಹಾಕಿದ್ವಿ: ‘ಮಹಾಯುದ್ಧದ ದಿಕ್ಕು ಬದಲಿಸಿದ ಮೈಸೂರಿನ ಈಟಿ. ಇತಿಹಾಸದ ಕೊನೆಯ ಅಶ್ವದಾಳಿ.’ ಎರಡೂ ಸಾಲು ಫ್ಯಾಮಿಲಿ ಗ್ರೂಪಿಗೆ ಬಂದ ಫಾರ್ವರ್ಡ್‌ನಿಂದ ಎತ್ತಿದ್ದು.

ಅಕ್ಟೋಬರ್ ಕೊನೆಯ ಶನಿವಾರ ಪ್ರಾಕ್ಟೀಸ್ ಮಾಡೋಕೆ ಅಂತ ಕೆರಗೋಡಿಗೆ ಹೋದ್ವಿ. ಮಂಡ್ಯದಿಂದ ಬಸ್ಸಲ್ಲಿ ಹೋದರೆ ನಮ್ಮಲ್ಲೊಬ್ಬನ ಮನೆ ಅಲ್ಲೇ. ನಿಜ ಹೇಳಬೇಕು ಅಂದ್ರೆ ಹೋಗಿದ್ದು ಮುದ್ದೆ, ಉಪ್ಸಾರಿಗೆ. ಊಟ ಆದಮೇಲೆ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟು ಶುರು ಮಾಡಿದ್ವಿ. ಪ್ರೇಕ್ಷಕರು ಒಬ್ಬರೇ, ತಾತ. ಜೀವಮಾನವೆಲ್ಲ ಎತ್ತು ಕಟ್ಟಿ ಗೇಯ್ದವರು. ಎಲೆ ಅಡಿಕೆ ಮೆಲ್ಲುತ್ತಾ ಮಾರ್ನ್, ವರ್ಡನ್, ಸೊಮ್ ಎಲ್ಲ ಕೇಳಿದರು. ಹೈಫಾ ಬಂದಾಗ ಮಾತ್ರ ಮುಂದಕ್ಕೆ ಬಾಗಿದರು.

“ಮೈಸೂರಿನ ಕುದ್ರೆಗಳೇ?”

“ಹೌದು ತಾತ. ಹಡಗಲ್ಲಿ ಹೋಗಿದ್ವು.”

“ಮಳ್ಳುಗಾಡು ಅಂತೀರಿ. ಹಂಗಾರೆ ಅವಕ್ಕೆ ನೀರು ಎಲ್ಲಿಂದ ತಂದ್ರು?”

ನಾವು ಮುಖ ಮುಖ ನೋಡಿಕೊಂಡ್ವಿ. ಗೇಮಲ್ಲಿ ಕುದುರೆ ನೀರು ಕುಡಿಯಲ್ಲ. ತಾತ ಬಿಡಲಿಲ್ಲ. “ಆ ಊರು ಗೆದ್ದಿದ್ಕೇ ಯುದ್ಧ ನಿಂತೋಯ್ತೇ?” ಅಂದರು. ಅದಕ್ಕೂ ಉತ್ತರ ಇರಲಿಲ್ಲ. “ಓದ್ಕೊಂಡು ಬನ್ರಪ್ಪಾ ಮಕ್ಕಳಾ” ಅಂತ ಎದ್ದು ಕೊಟ್ಟಿಗೆ ಕಡೆ ಹೋದರು.

ಅವತ್ತು ರಾತ್ರಿ ತಾರಸಿ ಮೇಲೆ ಸಿಗ್ನಲ್ ಸಿಗೋ ಮೂಲೆಯಲ್ಲಿ ಕೂತು ಎರಡು ಗಂಟೆವರೆಗೂ ಓದಿದ್ವಿ. ಮೊದಲು ನೀರಿನದ್ದೇ.

ಮೈಸೂರು ಲ್ಯಾನ್ಸರ್ಸ್ 1914ರ ಅಕ್ಟೋಬರಿನಲ್ಲಿ ಹೊರಟರು. ಜೊತೆಗೆ ಪಟಿಯಾಲಾ, ಹೈದರಾಬಾದ್ ಲ್ಯಾನ್ಸರ್ಸ್ ಇದ್ದರು. ಮೊದಲು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ಕಾಯುವ ಕೆಲಸ. ಎದುರಿಗೆ ಸಿನಾಯ್ ಮರಳುಗಾಡು, ಅದರಾಚೆ ತುರ್ಕಿಯ ಒಟ್ಟೋಮನ್ ಸೈನ್ಯ. ಒಂದು ಕುದುರೆಗೆ ದಿನಕ್ಕೆ ಸುಮಾರು 30 ಲೀಟರ್ ನೀರು ಬೇಕು. ಹಾಗಾಗಿ ಬ್ರಿಟಿಷರು ಮರಳಿನ ಮೇಲೆ ರೈಲು ಹಳಿ ಹಾಕಿದರು, ಪಕ್ಕದಲ್ಲೇ ಪೈಪ್ ಎಳೆದರು. ನೈಲ್ ನದಿಯ ನೀರನ್ನು ಕಾಂತಾರಾ ಅನ್ನೋ ಜಾಗದಲ್ಲಿ ಸೋಸಿ, ಸೂಯೆಜ್ ಕಾಲುವೆಯ ಅಡಿಯಿಂದ ದಾಟಿಸಿ, ಪಂಪ್ ಮಾಡಿದರು. 1917ರ ಶುರುವಿಗೆ ಹಳಿ, ಪೈಪ್ ಎರಡೂ ಎಲ್ ಅರಿಶ್ ಊರು ಮುಟ್ಟಿದ್ದವು. ಸುಮಾರು 150 ಕಿಲೋಮೀಟರ್, ಅಂದ್ರೆ ಬೆಂಗಳೂರಿಂದ ಮೈಸೂರಿನಷ್ಟು ದೂರ. ಬೆನ್ನು ಬಗ್ಗಿಸಿ ದುಡಿದವರು ಈಜಿಪ್ಟಿನ ಸಾವಿರಾರು ಹಳ್ಳಿ ಜನ. ಪೈಪ್ ಎಷ್ಟು ಮುಂದೆ ಹೋಯ್ತೋ ಸೈನ್ಯ ಅಷ್ಟೇ ಮುಂದೆ.

ಗಾಜಾ ಮೇಲೆ 1917ರ ಮಾರ್ಚ್, ಏಪ್ರಿಲ್‌ನಲ್ಲಿ ಎರಡು ಸಲ ದಾಳಿ ಮಾಡಿ ಸೋತರು. ಮೂರನೇ ಸಲ, ಅಕ್ಟೋಬರ್ 31ರಂದು, ಪಕ್ಕದ ಬೀರ್‌ಶೆಬಾ ಊರಿಗೆ ತಿರುಗಿಕೊಂಡರು. ಅಲ್ಲಿ ಬಾವಿಗಳಿದ್ದವು. ಕತ್ತಲಾಗೋದರೊಳಗೆ ಬಾವಿ ಸಿಗದಿದ್ದರೆ ಕುದುರೆಗಳ ಗತಿ ಕೆಟ್ಟಿತು. ಆಸ್ಟ್ರೇಲಿಯಾದ ಸವಾರರು ಸಂಜೆ ಹೊತ್ತಲ್ಲಿ ನೇರ ನುಗ್ಗಿ ಊರು ಹಿಡಿದರು. ಗಾಜಾದ ಬೀಗ ತೆಗೆದಿದ್ದು ಬಾವಿ ನೀರು. ತಾತನ ಮೊದಲ ಪ್ರಶ್ನೆಯೇ ಆ ಇಡೀ ರಂಗದ ಮುಖ್ಯ ಪ್ರಶ್ನೆಯಾಗಿತ್ತು.

ಎರಡನೇ ಪ್ರಶ್ನೆ ನಮ್ಮ ಹೊಟ್ಟೆ ಉರಿಸಿತು. ಆ ರಂಗದಲ್ಲಿ ತುರ್ಕಿ ಸೈನ್ಯದ ಬೆನ್ನು ಮುರಿದ ದಿನ ಹೈಫಾದ್ದಲ್ಲ. ಅದಕ್ಕೂ ನಾಲ್ಕು ದಿನ ಮೊದಲು, ಸೆಪ್ಟೆಂಬರ್ 19ರಂದು, ಜನರಲ್ ಅಲೆನ್‌ಬಿಯ ಸೈನ್ಯ ಕರಾವಳಿ ಬಯಲಲ್ಲಿ ತುರ್ಕಿ ಸಾಲನ್ನು ಒಡೆದು ಹಾಕಿತ್ತು. ಮೆಗಿಡೋ ಕಾಳಗ ಅಂತಾರೆ. ಹೈಫಾ ಬೇಕಾಗಿದ್ದು ಬಂದರಿಗಾಗಿ, ಅಂದ್ರೆ ಮುಂದೆ ಓಡುವ ಸೈನ್ಯಕ್ಕೆ ಸಾಮಾನು ಇಳಿಸೋಕೆ.

ಅದರಿಂದ ಅಲ್ಲಿ ನಡೆದದ್ದು ಸಣ್ಣದಾಗಲ್ಲ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕುಸಿಯುವ ಕೆಸರಿನ ಕಿಶೋನ್ ಹೊಳೆ, ನಡುವೆ ಕಿರಿದಾದ ದಾರಿ. ಬೆಟ್ಟದ ಮೇಲೆ ಫಿರಂಗಿ. ಮೈಸೂರಿನ ಒಂದು ತುಕಡಿ ಕಡಿದಾದ ಹಾದಿ ಹಿಡಿದು ಬೆಟ್ಟ ಹತ್ತಿ ಫಿರಂಗಿ ಮೇಲೆ ಬಿತ್ತು. ಅವರ ಸಹಾಯಕ್ಕೆ ಬ್ರಿಟಿಷ್ ಸವಾರರ ಒಂದು ತುಕಡಿಯೂ ಬಂತು. ಕೆಳಗೆ ಮಧ್ಯಾಹ್ನ ಎರಡರ ಹೊತ್ತಿಗೆ ಜೋಧಪುರದವರು ನುಗ್ಗಿದರು, ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಪ್ರಾಣ ಕೊಟ್ಟರು. ಹಿಂದಿನಿಂದ ಮೈಸೂರಿನವರು ಊರೊಳಗೆ ಹೊಕ್ಕರು. ಸೆರೆ ಸಿಕ್ಕವರು 1,350 ಜನ. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83.

‘ಕೊನೆಯ ಅಶ್ವದಾಳಿ’ ಅನ್ನೋದೂ ಸುಳ್ಳು. ಒಂದು ತಿಂಗಳ ಮೇಲೆ, ಅಕ್ಟೋಬರ್ 26ರಂದು, ಅಲೆಪ್ಪೋ ಹತ್ತಿರದ ಹರಿತಾನ್‌ನಲ್ಲಿ ಇದೇ ಮೈಸೂರು, ಜೋಧಪುರದ ಸವಾರರು ಮತ್ತೆ ನುಗ್ಗಿದರು. ಎದುರಿಗೆ ಅಂದುಕೊಂಡಿದ್ದಕ್ಕಿಂತ ದೊಡ್ಡ ಸೈನ್ಯ ಇತ್ತು. ಹೈಫಾದಲ್ಲಿ ಸತ್ತವರಿಗಿಂತ ಹೆಚ್ಚು ಜನ ಅಲ್ಲಿ ಸತ್ತರು. ನಾಲ್ಕೇ ದಿನಕ್ಕೆ, ಅಕ್ಟೋಬರ್ 30ರಂದು, ತುರ್ಕಿ ಕದನ ವಿರಾಮಕ್ಕೆ ಸಹಿ ಹಾಕಿತು. ಹರಿತಾನ್ ಯಾವ ತಿರುವೂ ಅಲ್ಲ. ಅದಕ್ಕೇ ಇರಬೇಕು, ಯಾವ ಫಾರ್ವರ್ಡ್‌ನಲ್ಲೂ ಅದರ ಹೆಸರಿಲ್ಲ. ದೆಹಲಿಯ ತೀನ್ ಮೂರ್ತಿಯಲ್ಲಿ 1922ರಿಂದ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದ್ದು. ಆ ಸರ್ಕಲ್ಲಿಗೆ 2018ರಲ್ಲಿ ಸೇರಿಸಿದ ಹೆಸರು ಹೈಫಾ. ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಅದರ ಮುಂದೆ ನಾವು ಎಷ್ಟು ಸಲ ಬಸ್ಸಲ್ಲಿ ಹೋಗಿದ್ದೀವೋ ಲೆಕ್ಕ ಇಲ್ಲ.

ತಾರಸಿ ಮೇಲೆ ಜಗಳ ಶುರುವಾಯ್ತು. ಕೆಂಪಕ್ಷರ ಅಳಿಸಬೇಕಾ, ಬೇಡವಾ? ಅಳಿಸಿದರೆ ಚಪ್ಪಾಳೆ ಹೋಯ್ತು, ಮೇಲಾಗಿ ನಮ್ಮವರನ್ನೇ ನಾವು ಸಣ್ಣ ಮಾಡಿದಂಗೆ ಅಂತ ಇಬ್ಬರು. ಸುಳ್ಳು ಹೇಳಿ ದೊಡ್ಡ ಮಾಡೋದು ಯಾವ ಗೌರವ ಅಂತ ಇನ್ನಿಬ್ಬರು. ಅಷ್ಟಕ್ಕೂ ಅವರು ಗೆದ್ದ ಊರು ಮೈಸೂರಿಗೆ ಬರಲಿಲ್ಲ, ಬ್ರಿಟಿಷರ ಕೈಗೆ ಹೋಯ್ತು. ಹಂಗಾದ್ರೆ ಹೆಮ್ಮೆ ಯಾವುದರ ಬಗ್ಗೆ? ಮೂರು ಗಂಟೆ ಆದರೂ ಬಗೆಹರಿಯಲಿಲ್ಲ.

ಬೆಳಿಗ್ಗೆ ಕಾಫಿ ಹೊತ್ತಲ್ಲಿ ತಾತನಿಗೆ ಎಲ್ಲ ಒಪ್ಪಿಸಿದ್ವಿ. ಪೈಪಿನ ಕತೆಗೆ ಖುಷಿಯಾದರು. ದುಡ್ಡಿನ ಮಾತೂ ಬಂತು. 1914ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧ ನಿಧಿಗೆ ಕೊಟ್ಟಿದ್ದು 50 ಲಕ್ಷ ರೂಪಾಯಿ. ಅದಕ್ಕೂ ಮೊದಲು, 1911ರಲ್ಲಿ, ಕನ್ನಂಬಾಡಿಯ ಮೊದಲ ಹಂತಕ್ಕೆ ಮಂಜೂರಾಗಿದ್ದು 81 ಲಕ್ಷ. ಆಗ ಮಂಡ್ಯ ಜಿಲ್ಲೆ ಅಂತಲೇ ಇರಲಿಲ್ಲ, ಅದು ಆಗಿದ್ದು 1939ರಲ್ಲಿ. ಕೆರಗೋಡು ಮೈಸೂರು ಜಿಲ್ಲೆಯ ಹಳ್ಳಿ. ಅಲ್ಲಿ ಕುದುರೆಗಾಗಿ ಮರಳಲ್ಲಿ ಪೈಪ್ ಹೂಳ್ತಿದ್ದ ವರ್ಷಗಳಲ್ಲೇ ಇಲ್ಲಿ ಕಾವೇರಿಗೆ ಅಡ್ಡಲಾಗಿ ಕಲ್ಲು ಕಟ್ತಿದ್ರು.

ತಾತ ಲೋಟ ಕೆಳಗಿಟ್ಟರು. “ಕಟ್ಟೆಗೆ ಅಷ್ಟು, ಕಾದಾಟಕ್ಕೆ ಇಷ್ಟು” ಅಂದರು. ಬೈದರೋ, ಬರೀ ಲೆಕ್ಕ ಹಾಕಿದರೋ ಗೊತ್ತಾಗಲಿಲ್ಲ. ಆಮೇಲೆ ಕೇಳಿದರು: “ಉಳಿದ ಕುದ್ರೆಗಳು?”

ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ತನ್ನ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟಿತ್ತು. 1930ರಲ್ಲಿ ಡೊರೊಥಿ ಬ್ರೂಕ್ ಅನ್ನೋ ಹೆಂಗಸು ಕೈರೋಗೆ ಹೋದಾಗ ಅವು ಮುದಿಯಾಗಿ, ಮೂಳೆ ಬಿಟ್ಟುಕೊಂಡು, ಇನ್ನೂ ಗಾಡಿ ಎಳೀತಿದ್ವು. ಆಕೆ ದುಡ್ಡು ಕೂಡಿಸಿ ಅವನ್ನು ಕೊಂಡರು, 1934ರಲ್ಲಿ ಅಲ್ಲೇ ಆಸ್ಪತ್ರೆ ತೆರೆದರು. ಇದನ್ನು ಹೇಳುವಾಗ ತಾತ ನಮ್ಮ ಮುಖ ನೋಡಲಿಲ್ಲ, ಕೊಟ್ಟಿಗೆ ಕಡೆ ನೋಡ್ತಿದ್ರು. ಎತ್ತು ಮಾರಿ ಎಷ್ಟೋ ವರ್ಷ ಆಗಿದೆಯಂತೆ, ಗೊಂತು ಹಾಗೇ ಇದೆ.

ವಾಪಸ್ ಬರುವ ಬಸ್ಸಲ್ಲೇ ಸ್ಲೈಡ್ ಬದಲಾಯಿಸಿದ್ವಿ. ಕೆಂಪಕ್ಷರ ಅಳಿಸಿದ್ವಿ, ಹೈಫಾ ಉಳಿಸಿಕೊಂಡ್ವಿ. ಅದರ ಮುಂದೆ ಪೈಪಿನ ನಕ್ಷೆ, ಅದರ ಹಿಂದೆ ಹರಿತಾನ್. ಮನೆಯಿಂದ ಅಷ್ಟು ದೂರ, ಯಾರದೋ ಯುದ್ಧದಲ್ಲಿ, ಮುಗಿಯೋಕೆ ನಾಲ್ಕು ದಿನ ಇರುವಾಗ ಸತ್ತವರಿಗೆ ತಿರುವು ಅನ್ನೋ ಪಟ್ಟ ಬೇಕಾಗಿಲ್ಲ, ನೆನಪು ಸಾಕು ಅನ್ನೋದಕ್ಕೆ ನಾಲ್ಕೂ ಜನ ಕೊನೆಗೆ ಒಪ್ಪಿದ್ವಿ. ರಾಜ್ಯೋತ್ಸವದ ದಿನ ಚಪ್ಪಾಳೆ ಸುಮಾರಾಗೇ ಬಂತು. ಹರಿತಾನ್ ಸ್ಲೈಡಿಗೆ ಹಾಲ್ ಸ್ವಲ್ಪ ಹೊತ್ತು ಸುಮ್ಮನಿತ್ತು. ಅಥವಾ ಎಲ್ಲ ಮೊಬೈಲ್ ನೋಡ್ತಿದ್ರೇನೋ.

ರಾತ್ರಿ ಕೆರಗೋಡಿನಿಂದ ಫೋನ್ ಬಂತು. ಹೆಂಗಾಯ್ತು ಅಂತ ತಾತ ಕೇಳಲಿಲ್ಲ. “ಕುದ್ರೆ ವಿಸ್ಯ ಯೋಳುದ್ರಾ?” ಅಂದರು.

ಹೇಳಿದ್ವಿ ತಾತ, ಅಂದ್ವಿ.