ಹೊಸ ಹೆಡ್‌ಫೋನು, ಹಳೆಯ ಹಾಡು

ಬೇಸಿಗೆಯ ರಾಯಚೂರಿನಲ್ಲಿ ನಿಶ್ಶಬ್ದವೆಂಬದು ಬಲು ದುರ್ಲಭವಾದ ಪದಾರ್ಥವಾಗಿರುವದು. ಕೂಲರು ನಿಂತರೆ ಮೈಗೆ ಸಂಕಟ. ತಿರುಗಿದರೆ ಕಿವಿಗೆ ಸಂಕಟ. ಅದರ ಗುಂಯ್ ಎಂಬ ಸದ್ದಿನ ಮೇಲೆ ಬೀದಿಯ ಟಂಟಂ ಗಾಡಿ, ನೆರೆಮನೆಯ ಬೋರಿನ ಮೋಟಾರು. ಇಂಥಲ್ಲಿ ವಾಸಿಸುವ ಸಂಗೀತಪ್ರಿಯರು ಸದ್ದಡಗಿಸುವ ನಿಸ್ತಂತು ಹೆಡ್‌ಫೋನಿಗೆ ಮನಸೋತರೆ ಅದನ್ನು ಬರಿಯ ಷೋಕಿಯೆಂದು ತಳ್ಳಿಹಾಕಲಾಗದು.

ಈ ಉಪಕರಣದ ಯುಕ್ತಿಯು ಸರಳವೂ ಹೌದು, ಸೋಜಿಗವೂ ಹೌದು. ಹೊರಗಿನ ಸದ್ದನ್ನು ಪುಟ್ಟ ಮೈಕುಗಳು ಹಿಡಿಯುತ್ತವೆ. ಆ ಅಲೆಯ ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು ಬರುವಂತೆ ಯಂತ್ರವು ಪ್ರತಿಯಲೆಯೊಂದನ್ನು ಹುಟ್ಟಿಸುತ್ತದೆ. ಎರಡೂ ಕಿವಿಯ ಬಳಿ ಕೂಡಿ ಬಹುಮಟ್ಟಿಗೆ ಅಳಿದುಹೋಗುತ್ತವೆ. ಜರ್ಮನಿಯ ಪೌಲ್ ಲೂಎಗ್ ಎಂಬವನು ಈ ತತ್ತ್ವಕ್ಕೆ 1936ರಷ್ಟು ಹಿಂದೆಯೇ ಅಮೆರಿಕದ ಪೇಟೆಂಟನ್ನು ಪಡೆದಿದ್ದನು. ಬಂಗಾಳದಿಂದ ಅಮೆರಿಕೆಗೆ ಹೋಗಿ ನೆಲೆಸಿದ ತಂದೆಯ ಮಗನಾದ ಅಮರ ಬೋಸರು 1978ರಲ್ಲಿ ವಿಮಾನಪ್ರಯಾಣದ ಮೊರೆತಕ್ಕೆ ಬೇಸತ್ತು, ಕುಳಿತಲ್ಲಿಯೇ ಇದರ ಲೆಕ್ಕ ಹಾಕತೊಡಗಿದರು. ಅವರ ಕಂಪನಿಯ ಯಂತ್ರವು ವಿಮಾನಚಾಲಕರ ಕಿವಿಗೇರಿದ್ದು 1989ರಲ್ಲಿ. ಇಂಜಿನಿನ ನಿಮಿತ್ತ ಹುಟ್ಟಿದ ವಿದ್ಯೆಯಾದುದರಿಂದ ಎಡೆಬಿಡದ ತಗ್ಗು ಸ್ವರವೇ ಅದಕ್ಕೆ ಸುಲಭವಾದ ಬೇಟೆ. ಕೂಲರಿನ ಮತ್ತು ಮಾನ್ವಿಯ ಬಸ್ಸಿನ ಸದ್ದು ಅಡಗುವದು. ಅಡಿಗೆಮನೆಯಲ್ಲಿ ಬಿದ್ದ ತಟ್ಟೆಯ ಸದ್ದು ಅಡಗದು. ಪಕ್ಕದಲ್ಲಿ ಯಾರಾದರೂ ತಂಬೂರಿ ಮೀಟಿದರೆ ಅದರ ಷಡ್ಜವನ್ನೂ ಯಂತ್ರವು ಗದ್ದಲವೆಂದೇ ಬಗೆದು ಕುಗ್ಗಿಸುವದು! ವಿಜಯದಾಸರ ಚೀಕಲಪರ್ವಿಯೂ ಗೋಪಾಲದಾಸರ ಮೊಸರಕಲ್ಲೂ ಇರುವ ಸೀಮೆಯಲ್ಲಿ, ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವುಳ್ಳ ಊರಿನಲ್ಲಿ, ಇಂಥ ಅರಸಿಕತನಕ್ಕೆ ನಗದವರು ಯಾರು?

ಇದೇ ಊರಿನ ನಿವೃತ್ತ ಉಪಾಧ್ಯಾಯರೊಬ್ಬರಲ್ಲಿ ಒಂದು ಕ್ಯಾಸೆಟ್ಟು ಉಂಟು. ದೇವದುರ್ಗಕ್ಕೆ ಕೊಟ್ಟಿದ್ದ ಅವರ ಅಕ್ಕನು ತವರಿಗೆ ಬಂದಾಗ ಮುಂಜಾನೆ ಹಾಡಿದ ದಾಸರ ಪದಗಳು ಅದರಲ್ಲಿ ಇವೆ. ಅಕ್ಕನೂ ಇಲ್ಲ, ಆ ಮನೆಯೂ ಇಲ್ಲ. ಬೆಂಗಳೂರಿನ ಮಗನು ಹಾಡುಗಳನ್ನು ಫೋನಿಗೆ ಇಳಿಸಿಕೊಟ್ಟು, ಜೊತೆಗೆ ಒಂದು ಹೆಡ್‌ಫೋನನ್ನೂ ತಂದನು. ಅದನ್ನು ತೊಟ್ಟೊಡನೆ ಕೂಲರು ಮಾಯವಾಯಿತು. ಟೇಪಿನ ಸುಯ್ ಎಂಬ ಸದ್ದು ಮಾತ್ರ ಹಾಗೆಯೇ ಉಳಿಯಿತು. ಹಾಡಿನೊಡನೆ ಒಳಗೇ ಮುದ್ರಿತವಾದ ಸದ್ದಿಗೆ ಈ ವಿದ್ಯೆ ನಾಟುವದಿಲ್ಲ. ಆದರೆ ನೂರು ಸಲ ಕೇಳಿದ್ದ ಪದದಲ್ಲಿ ಅಕ್ಕನ ಬಳೆಯ ಸದ್ದು ಕೇಳಿಸಿತು. ಎರಡನೆಯ ನುಡಿಯಾದ ಮೇಲೆ ಅವಳು ಉಸಿರು ತೆಗೆದುಕೊಂಡಾಗ, ಒಳಗಿನಿಂದ ಅವರ ತಾಯಿಯ ಧ್ವನಿ ಬಂದಿತು: “ತಮ್ಮಾ, ಹಾಲು ಉಕ್ಕತೈತಿ ನೋಡೋ.” ಉಪಾಧ್ಯಾಯರು ಹಾಡನ್ನು ಅಲ್ಲಿಯೇ ನಿಲ್ಲಿಸಿ ಬಹಳ ಹೊತ್ತು ಕುಳಿತುಬಿಟ್ಟರು.

ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಬೆವರಿಗೆ ಕಿವಿಯ ಮೆತ್ತೆಗಳು ಸುಲಿದು ಪುಡಿಪುಡಿಯಾದವು. ಬ್ಯಾಟರಿಯೂ ಸೊರಗಿತು. ಪೇಟೆಯ ಅಂಗಡಿಯಲ್ಲಿ ವಿಚಾರಿಸಿದರೆ, ಆ ಮಾದರಿ ನಿಂತುಹೋಗಿದೆ, ಹೊಸದನ್ನೇ ಕೊಳ್ಳಿರೆಂಬ ಉತ್ತರ. ಹೊಸದಕ್ಕೇನು ಬರವೆ? ಸೋನಿ ಕಂಪನಿಯ ಒಂದೇ ಸಂತತಿಯನ್ನು ನೋಡಿದರೂ 2016, 2017, 2018, 2020, 2022, 2025 ಎಂದು ಒಂಬತ್ತು ವರ್ಷಗಳಲ್ಲಿ ಆರು ಮಾದರಿಗಳು. ಐದನೆಯದರಲ್ಲಿ ಮಡಿಚುವ ಕೀಲನ್ನು ತೆಗೆದರು. ಆರನೆಯದರಲ್ಲಿ ಮರಳಿ ತಂದು ಅದನ್ನೇ ವಿಶೇಷವೆಂದರು. ಸದ್ದಡಗಿಸುವ ಶಕ್ತಿಯು ತಲೆಮಾರಿನಿಂದ ತಲೆಮಾರಿಗೆ ಬೆಳೆದಿದೆ ಎಂಬದು ಸುಳ್ಳಲ್ಲ. ಆದರೆ ಸ್ವರದ ಮಾತು ಬೇರೆ. ಸಿ.ಡಿ.ಯ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ಟುಗಳ ಹಾದಿ ಬೇಕು. ಅದೇ ಕಂಪನಿಯು ಬ್ಲೂಟೂತಿಗಾಗಿ ಮಾಡಿದ ಎಲ್‌ಡಿಎಸಿ ಪದ್ಧತಿಗೆ ಹೆಚ್ಚೆಂದರೆ 990. ಹಾದಿಯನ್ನು ಇನ್ನಷ್ಟು ಅಗಲಿಸಿದರೂ, ಕ್ಯಾಸೆಟ್ಟಿನಲ್ಲಿ ಮೊದಲೇ ಇಲ್ಲದ ಸ್ವರವು ಎಲ್ಲಿಂದ ಬಂದೀತು?

ಆದರೂ ಮಗನು ಹೊಸದನ್ನು ತಂದೇ ತಂದನು. “ಅಪ್ಪಾಜಿ, ಇದು ಬ್ಯಾರೇನ ಐತಿ, ಕೇಳ್ರಿ” ಎಂದು ತಾನೇ ತೊಡಿಸಿದನು. ಉಪಾಧ್ಯಾಯರು ಒಂದು ನುಡಿಯವರೆಗೆ ಕೇಳಿ, “ಅಕ್ಕಗ ನೆಗಡಿ ಆಗೇತಲ್ಲೋ” ಎಂದರು. ಮಾದರಿ ಬದಲಾದಂತೆ ತಗ್ಗು ಸ್ವರಗಳನ್ನು ಎಷ್ಟು ಎತ್ತಿ ಕೇಳಿಸಬೇಕೆಂಬ ತಯಾರಕರ ಅಭಿರುಚಿಯೂ ಬದಲಾಗುವದುಂಟು. ಈಗಿನ ಪೇಟೆಯ ಹಾಡುಗಳಿಗೆ ಹದಮಾಡಿದ ಗುಡುಗು ಒಂಟಿ ಹೆಂಗಸಿನ ಕಂಠದ ಮೇಲೆ ಕಂಬಳಿಯಂತೆ ಬೀಳುವದು. ಮಗನು ಫೋನಿನಲ್ಲಿ ಸ್ವರಗಳನ್ನು ಏರಿಸಿ ಇಳಿಸಿ ಬಹಳ ಪಾಡುಪಟ್ಟನು. ನೆಗಡಿ ಕಡಮೆಯಾಯಿತು, ಪೂರ್ತಿ ಬಿಡಲಿಲ್ಲ.

ಕೊನೆಗೆ ಉಪಾಧ್ಯಾಯರ ಪತ್ನಿಯವರು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಹತ್ತಿ ತುಂಬಿ, ಹಳೆಯ ಹೆಡ್‌ಫೋನಿಗೆ ಎರಡು ಮೆತ್ತೆ ಹೊಲಿದುಕೊಟ್ಟರು. ನೋಡಲು ಅಂದವಾಗಿವೆ; ಆದರೆ ಅರಿವೆಯು ಕಿವಿಯ ಸುತ್ತ ಬಿಗಿಯಾಗಿ ಕೂಡಲಾರದು, ಹೊರಗಿನ ಸದ್ದು ನುಸುಳುವದು, ತಗ್ಗು ಸ್ವರವು ಸೋರಿಹೋಗುವದು. ಅದಕ್ಕಾಗಿ ಉಪಾಧ್ಯಾಯರು ಈಗ ಮುಂಜಾನೆ ಐದಕ್ಕೆ ಎದ್ದು, ಕೂಲರನ್ನು ಆರಿಸಿ, ಬೆವರುತ್ತಲೇ ಒಂದು ಪದ ಕೇಳುತ್ತಾರೆ. ತಾಯಿಯ ಮಾತು ಬರುವವರೆಗೆ ಬ್ಯಾಟರಿ ಸಾಲುತ್ತದೆ. ಹೊಸದನ್ನು ಕಾಲೇಜಿಗೆ ಹೋಗುವ ಮೊಮ್ಮಗಳು ತೆಗೆದುಕೊಂಡಿದ್ದಾಳೆ.