ಹಳೇ ಪಿಕಪ್ಪಿಗೆ ಕಣ್ಣಿನ ಪೊರೆ

ಹಳೇ ಗಾಡಿಗಳಲ್ಲಿ ಬ್ರೇಕು ಹೋದ್ರೆ ಆ ಕ್ಷಣಕ್ಕೇ ಗೊತ್ತಾಗುತ್ತೆ, ಟೈರು ಸವೆದ್ರೆ ಕಣ್ಣಿಗೆ ಕಾಣುತ್ತೆ. ಆದ್ರೆ ಹೆಡ್‌ಲೈಟು ಮಂಕಾಗೋದು ಮಾತ್ರ ಓಡಿಸೋರಿಗೆ ಗೊತ್ತೇ ಆಗಲ್ಲ. ವರ್ಷಕ್ಕೆ ಒಂಚೂರು, ಒಂಚೂರು ಅಂತ ಕಮ್ಮಿ ಆಗ್ತಾ ಹೋಗುತ್ತೆ. ಥೇಟು ಕಣ್ಣಿನ ಪೊರೆ ಥರ..

ನಮ್ಮಣ್ಣನ ಪಿಕಪ್ಪಿನ ಕತೆಯೂ ಇದೇ. 2006ರ ಮಾಡೆಲ್ಲು. ಸ್ವಂತ ತೋಟದ ಕೆಲಸದ ಜೊತೆಗೆ ಬಾಡಿಗೇನೂ ಹೊಡೀತಾನೆ. ಅಡಿಕೆ, ಶುಂಠಿ, ಬಾಳೆಗೊನೆ, ಕೆಲವೊಮ್ಮೆ ಮದುವೆ ಮನೆ ಪಾತ್ರೆ. ಹೆಚ್ಚಿನ ಓಡಾಟ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರಿನ ಮೇಲೆ ಹೋಗೋ ಆ ರಸ್ತೆ ಹಗಲಲ್ಲಿ ನೋಡೋಕೆ ಬಲು ಚಂದ. ರಾತ್ರಿ ಹೊತ್ತು, ಅದರಲ್ಲೂ ಮಳೆ ಹೊಯ್ಯುವಾಗ, ನಿಮ್ಮ ದೀಪ ಎಷ್ಟು ತೋರಿಸುತ್ತೋ ಅಷ್ಟೇ ಪ್ರಪಂಚ.

ಕಳೆದ ಮಳೆಗಾಲದಲ್ಲಿ ಒಂದಿನ ಅತ್ತಿಗೆ ಫೋನ್ ಮಾಡಿದ್ರು. ಅಣ್ಣ ರಾತ್ರಿ ಖಾಲಿ ಗಾಡಿಯಲ್ಲಿ ವಾಪಸ್ ಬರ್ತಿರುವಾಗ ಮಂಡಗದ್ದೆ ಹತ್ತಿರ ರಸ್ತೆ ಅಂಚಲ್ಲಿ ಕಂಬಳಿಕೊಪ್ಪೆ ಹಾಕ್ಕೊಂಡು ಒಬ್ಬರು ಅಜ್ಜ ನಡೀತಿದ್ರಂತೆ. ಅವರು ಕಂಡಿದ್ದು ಹತ್ತು ಹೆಜ್ಜೆ ದೂರ ಇದ್ದಾಗ. ಏನೂ ಆಗ್ಲಿಲ್ಲ, ಸ್ಟೇರಿಂಗ್ ಎಳೆದು ತಪ್ಪಿಸಿದ. ಆದ್ರೆ ಮನೆಗೆ ಬಂದವನು ಊಟ ಮಾಡದೇ ಮಲಗಿದ್ದನಂತೆ. "ನನ್ನ ಮಾತು ಕೇಳಲ್ಲ, ನೀನಾದ್ರೂ ಹೇಳೋ, ರಾತ್ರಿ ಬಾಡಿಗೆ ಬಿಟ್ಟುಬಿಡಲಿ" ಅಂದ್ರು ಅತ್ತಿಗೆ.

ಬಿಡೋದು ಅಷ್ಟು ಸುಲಭ ಇಲ್ಲ. ಮಂಡಿಗೆ ಹೊತ್ತಿಗೆ ಸರಿಯಾಗಿ ಮಾಲು ಮುಟ್ಟಬೇಕು ಅಂದ್ರೆ ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು. ಕತ್ತಲಲ್ಲಿ ಓಡದ ಪಿಕಪ್ಪು ದುಡಿಯೋದೇ ಅರ್ಧ. ಅಣ್ಣನಿಗೂ ಐವತ್ತೈದು ದಾಟಿದೆ. "ಕಣ್ಣು ನಂದು ಹೋಗಿದ್ಯೋ, ಗಾಡೀದು ಹೋಗಿದ್ಯೋ ಗೊತ್ತಾಗ್ತಿಲ್ಲ ಮಾರಾಯ" ಅಂತ ನಕ್ಕ. ಆ ನಗು ನಂಗೇನೂ ಹಿಡಿಸಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಇಬ್ಬರೂ ಈ ಕೆಲಸಕ್ಕೇ ಅಂತ ಪೇಟೆಗೆ ಹೊರಟ್ವಿ. ಮೊದಲ ಅಂಗಡಿಯವರು ಎರಡು ಎಲ್‌ಇಡಿ ಬಲ್ಬು ತಂದಿಟ್ರು. ಡಬ್ಬಿ ಮೇಲೆ 20000 ಲುಮೆನ್ ಅಂತ ಬರೆದಿತ್ತು! ಪಿಕಪ್ಪಿನಲ್ಲಿರೋದು ಮಾಮೂಲಿ ಎಚ್4 ಹ್ಯಾಲೋಜನ್, 60/55 ವ್ಯಾಟಿಂದು. ಅದರ ಲೆಕ್ಕ ಡಿಮ್ಮಿಗೆ ಸುಮಾರು 1000 ಲುಮೆನ್, ಬ್ರೈಟಿಗೆ 1650. ಹಾಗಿದ್ರೆ ಆ ಡಬ್ಬಿಯ ಲೆಕ್ಕ ಯಾವ ಲೋಕದ್ದೋ.. ಬೇಡ ಅಂದ್ರೆ 100/90 ವ್ಯಾಟ್ ಬಲ್ಬು ತೋರಿಸಿದ್ರು.

ಎರಡನೇ ಜಾಗ, ಗಾಡಿ ವೈರಿಂಗ್ ಮಾಡುವ ಹಿರಿಯರೊಬ್ಬರ ಶೆಡ್ಡು. ಅವರು ಬಲ್ಬಿನ ಸುದ್ದಿಗೇ ಹೋಗಲಿಲ್ಲ. ಇಂಜಿನ್ ಚಾಲೂ ಮಾಡಿಸಿ, ಲೈಟು ಹಾಕಿಸಿ, ಮೀಟರ್ ಹಿಡಿದ್ರು. ಬ್ಯಾಟರಿ ಹತ್ರ 13.9 ವೋಲ್ಟ್. ಅದೇ ಬಲ್ಬಿನ ಹೋಲ್ಡರ್ ಹಿಂದೆ 11.6! ಬಲ್ಬು ಉರೀತಿರುವಾಗಲೇ ಅಳೀಬೇಕಂತೆ, ಬಿಚ್ಚಿ ಅಳೆದ್ರೆ ಪೂರ್ತಿ ವೋಲ್ಟೇಜ್ ತೋರಿಸಿ ಮೋಸ ಮಾಡುತ್ತೆ.

ಎರಡು ವೋಲ್ಟ್ ತಾನೇ ಅನ್ನಿಸಬಹುದು. ಆದ್ರೆ ಹ್ಯಾಲೋಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಸರಿಯಾಗಿ ಇಳಿಯುತ್ತೆ. ವೋಲ್ಟೇಜು ಶೇ. 10 ಕಮ್ಮಿ ಆದ್ರೆ ಬೆಳಕು ಶೇ. 30 ಮಾಯ. ನಮ್ಮ ಗಾಡಿಯ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ ಅರ್ಧ ಬೆಳಕು ದಾರಿಯಲ್ಲೇ ಸೋರಿ ಹೋಗಿತ್ತು.

"ಪಂಪಿಂದ ತೋಟದ ಕೊನೇ ಸ್ಪ್ರಿಂಕ್ಲರಿಗೆ ನೀರು ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಬದಲಾಯಿಸ್ತೀರಾ? ಪೈಪು ನೋಡ್ತೀರಲ್ಲ" ಅಂದ್ರು ಅವರು. ಅಣ್ಣನಿಗೆ ಆಗ್ಲೇ ಅರ್ಥ ಆಗಿಹೋಯ್ತು. ಕರೆಂಟು ಬ್ಯಾಟರಿಯಿಂದ ಫ್ಯೂಸು, ಲೈಟ್ ಸ್ವಿಚ್ಚು, ಸ್ಟೇರಿಂಗ್ ಪಕ್ಕದ ಡಿಮ್-ಬ್ರೈಟ್ ಸ್ವಿಚ್ಚು, ಎರಡ್ಮೂರು ಕಪ್ಲರ್ ಎಲ್ಲಾ ಸುತ್ತಿ ದೀಪಕ್ಕೆ ಬರಬೇಕು. ಸಪೂರ ವೈರು, ಸ್ವಿಚ್ಚಿನೊಳಗೆ ಕಪ್ಪುಗಟ್ಟಿದ ಪಾಯಿಂಟು, ತುಕ್ಕು ಹಿಡಿದ ಅರ್ತು. ಎಲ್ಲರೂ ಒಂದೊಂದು ಪಾಲು ತಿಂದಿದ್ರು. ಇದೇ ವೈರಿಗೆ 100 ವ್ಯಾಟ್ ಬಲ್ಬು ಹಾಕಿದ್ರೆ ಸೋರಿಕೆ ಇನ್ನೂ ಜಾಸ್ತಿ, ಕೊನೆಗೆ ಹೋಲ್ಡರ್ರೇ ಕರಗುತ್ತೆ.

ಮಾಡಿದ್ದಿಷ್ಟು. ಎರಡು ರಿಲೇ, ಡಿಮ್ಮಿಗೊಂದು ಬ್ರೈಟಿಗೊಂದು. ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಅಲ್ಲಿಂದ ದೀಪಕ್ಕೆ ನೇರ ದಪ್ಪ ವೈರು, ಪಿಂಗಾಣಿ ಹೋಲ್ಡರು, ಅರ್ತಿಗೂ ಹೊಸ ವೈರು. ಹಳೇ ಸ್ವಿಚ್ಚಿಗೆ ಇನ್ನು ರಿಲೇಗೆ ಸನ್ನೆ ಕೊಡೋದಷ್ಟೇ ಕೆಲಸ. ಯಜಮಾನರು ಜಗಲಿ ಮೇಲೆ ಕೂತು ಕೂಗಿದ್ರೆ ಸಾಕು, ಮೂಟೆ ಹೊರೋರು ಬೇರೆ ಇದ್ದಾರೆ! ಎಡಗಡೆ ಲೈಟಿನ ಒಳಗಿನ ಬೆಳ್ಳಿ ಲೇಪ ನೀರು ಹೋಗಿ ಕಪ್ಪಾಗಿತ್ತು, ಅದನ್ನು ಪೂರ್ತಿ ಬದಲಾಯಿಸಿದ್ವಿ. ಬಲ್ಬು ಮತ್ತದೇ 60/55. ಕೊನೆಗೆ ಮೀಟರ್ ಹಿಡಿದ್ರೆ 13.5.

ಎಲ್‌ಇಡಿ ಯಾಕೆ ಬೇಡ ಅಂತಲೂ ಕೇಳಿದೆ. ಎಚ್4 ಬಲ್ಬಿನೊಳಗೆ ಡಿಮ್ಮಿನ ತಂತಿ ಕೆಳಗೆ ಪುಟ್ಟದೊಂದು ಲೋಹದ ಬಟ್ಟಲು ಇರುತ್ತೆ. ಬೆಳಕು ಮೇಲಕ್ಕೆ ಚೆಲ್ಲದ ಹಾಗೆ ತಡೆಯೋದು ಅದೇ. ಹಿಂದಿನ ಕನ್ನಡಿಯ ಆಕಾರ ಕೂಡ ಆ ತಂತಿ ಇರೋ ಜಾಗಕ್ಕೇ ಅಳತೆ ಮಾಡಿದ್ದು. ಅಲ್ಲಿಗೆ ಬೇರೆ ಆಕಾರದ ಎಲ್‌ಇಡಿ ತುರುಕಿದ್ರೆ ಬೆಳಕೇನೋ ಬರುತ್ತೆ, ಆದ್ರೆ ಎಲ್ಲೆಲ್ಲಿಗೋ ಹೋಗುತ್ತೆ. ಹೆಚ್ಚಿನ ಪಾಲು ಎದುರಿಂದ ಬರುವವರ ಕಣ್ಣಿಗೆ. ಅವರಿಗೆ ಕಣ್ಣು ಕತ್ತಲಿಟ್ಟಾಗ ಅವರ ಎಡಗಡೆ ಅಂಚಲ್ಲಿ ಇನ್ಯಾವ ಅಜ್ಜ ನಡೀತಿರ್ತಾರೋ.. ಗಾಡಿಗೆ ವರ್ಷಾ ವರ್ಷಾ ಎಫ್‌ಸಿ ಬೇರೆ ಆಗ್ಬೇಕು.

ಆಮೇಲೆ ಅವರು ಹೇಳಿದ್ದು ನಾನು ಯೋಚನೇನೇ ಮಾಡಿರದ ವಿಷಯ. "ಲೋಡು ಹಾಕ್ಕೊಂಡು ಬನ್ನಿ, ಆಗ ಲೈಟು ಸೆಟ್ ಮಾಡೋಣ." ಪಿಕಪ್ಪಿಗೆ ಮೂಟೆ ಹೇರಿದ್ರೆ ಹಿಂದೆ ಪಟ್ಟಿ ಬಗ್ಗಿ ಮೂತಿ ಮೇಲಾಗುತ್ತೆ, ಡಿಮ್ಮೂ ಮರದ ತುದಿ ನೋಡುತ್ತೆ. ಮಾರನೇ ದಿನ ಸಂಜೆ ಅಡಿಕೆ ಮೂಟೆ ಹೇರ್ಕೊಂಡೇ ಹೋದ್ವಿ. ಗೋಡೆಗೆ 10 ಮೀಟರ್ ದೂರ ನಿಲ್ಲಿಸಿ, ಡಿಮ್ಮಿನ ಮೇಲಂಚು ದೀಪದ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರೋ ಹಾಗೆ ಸ್ಕ್ರೂ ತಿರುಗಿಸಿದ್ರು. ಆ ಅಂಚು ಎಡಕ್ಕೆ ಹೋಗ್ತಾ ಸ್ವಲ್ಪ ಮೇಲೇರುತ್ತೆ. ನಮ್ಮಲ್ಲಿ ರಸ್ತೆಯಂಚು ಇರೋದು ಆ ಕಡೆ. ನಡೆದು ಹೋಗೋರು ಕಾಣಲಿ ಅಂತಲೇ ಹಾಗೆ ಮಾಡಿರೋದು! ಖಾಲಿ ಗಾಡಿಯಲ್ಲಿ ಬೆಳಕು ತುಸು ಹತ್ತಿರಕ್ಕೆ ಬೀಳುತ್ತೆ, ಆಗ ನಿಧಾನ ಹೋಗಬೇಕು ಅಷ್ಟೇ.

ಎಲ್ಲಾ ಸೇರಿ ಎರಡೂವರೆ ಸಾವಿರದೊಳಗೆ ಮುಗೀತು. ಅಣ್ಣನ ಕಣ್ಣನ್ನೂ ಬಿಡಲಿಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ತೋರಿಸಿದೆ. ಕನ್ನಡಕದ ನಂಬರು ಬದಲಾಗಿತ್ತು. ಅಂದ್ರೆ ಅವನ ಪ್ರಶ್ನೆಗೆ ಉತ್ತರ, ಎರಡೂ!

ರಾತ್ರಿ ಬಾಡಿಗೆ ನಿಂತಿಲ್ಲ, ಅತ್ತಿಗೆಯ ಆತಂಕ ಪೂರ್ತಿ ಹೋಗಿಯೂ ಇಲ್ಲ. ಆದ್ರೆ ಈಗ ಫೋನ್ ಮಾಡಿದಾಗ ಆ ಮಾತು ಎತ್ತಲ್ಲ. ನಿಮ್ಮ ಮನೇಲೂ ಹಳೇ ಗಾಡಿ ಇದ್ರೆ, ಹೊಸ ಬಲ್ಬಿಗೆ ದುಡ್ಡು ಕೊಡೋ ಮುಂಚೆ ಒಮ್ಮೆ ಮೀಟರ್ ಹಿಡಿಸಿ ನೋಡಿ. ಬೆಳಕು ನಿಮ್ಮಲ್ಲೇ ಇರಬಹುದು, ದೀಪದವರೆಗೆ ಬರ್ತಿಲ್ಲ ಅಷ್ಟೇ.